ಎಲೆ ಅದೇ, ಬಲ ಬೇರೆ

ಇಸ್ಪೀಟಿನ ರಾಜನ ಬೆಲೆ ಆಟದಿಂದ ಆಟಕ್ಕೆ ಬದಲಾಗುವುದುಂಟು. ಆದರೆ ಒಂದೇ ಆಟದೊಳಗೆ, ಮೇಲಿನ ಅಚ್ಚು ಅಳಿಸದೆಯೇ ಎಲೆಯೊಂದು ಬಲ ಪಡೆದು ಕಳೆದುಕೊಂಡ ಕಥೆ ಅಮೆರಿಕದ ‘ಮ್ಯಾಜಿಕ್: ದ ಗ್ಯಾದರಿಂಗ್’ನದು.

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಮಾರುಕಟ್ಟೆಗೆ ಬಂತು. ಆಟಗಾರರು ಕೊಂಡು, ವಿನಿಮಯ ಮಾಡಿಕೊಂಡು ಕೂಡಿಸುವ ಎಲೆಗಳಲ್ಲಿ ಮಂತ್ರಗಳಿವೆ, ಕಾದಾಡುವ ಜೀವಿಗಳಿವೆ. ಪ್ರತಿ ಜೀವಿಗೂ ಎರಡು ಅಂಕಿ: ಒಂದು ಹೊಡೆತದ ಬಲ, ಇನ್ನೊಂದು ತಾಳಿಕೆ. ಸಾಮಾನ್ಯವಾಗಿ ಎರಡೂ ಕಡೆಯ ಏಟು ಏಕಕಾಲಕ್ಕೆ ಬೀಳುತ್ತದೆ. ‘ಫಸ್ಟ್ ಸ್ಟ್ರೈಕ್’ ಉಳ್ಳ ಜೀವಿ ಮೊದಲು ಹೊಡೆಯುತ್ತದೆ. 2007ರಲ್ಲಿ ಹೆಸರು ಪಡೆದ ‘ಡೆತ್‌ಟಚ್’ ಇದ್ದರೆ 1 ಅಂಕದ ಗಾಯವೂ ಮಾರಕ. ಎರಡೂ ಕೂಡಿದರೆ ಸಾಮಾನ್ಯ ಎದುರಾಳಿ ತಿರುಗಿ ಹೊಡೆಯುವ ಮೊದಲೇ ಸಾಯುತ್ತದೆ.

1997ರ ‘ಮಾಗ್ ಫೆನಾಟಿಕ್’ ಎಂಬ ಎಲೆಯ ಬಲ 1, ತಾಳಿಕೆ 1. ಬೇಕೆಂದಾಗ ಅದನ್ನು ಬಲಿಕೊಟ್ಟು ಬೇರೊಂದು ಜೀವಿಗೆ 1 ಅಂಕ ಗಾಯ ಮಾಡಬಹುದು. 1999ರ ಹೊಸ ನಿಯಮ, ಏಟು ಲೆಕ್ಕಕ್ಕೆ ಬಂದ ಮೇಲೂ ಅದು ತಗಲುವ ಮುನ್ನ ಆಟಗಾರನಿಗೆ ಬಿಡುವು ಕೊಟ್ಟಿತು. ಆ ಬಿಡುವಿನಲ್ಲಿ ಬಲಿಕೊಟ್ಟರೆ ಏಟೂ ಬೀಳುತ್ತಿತ್ತು, ಬಲಿಯ ಗಾಯವೂ ಆಗುತ್ತಿತ್ತು; ತಾಳಿಕೆ 2ರ ಜೀವಿ ಉರುಳುತ್ತಿತ್ತು.

ಕಾಳಗ ಬಿಟ್ಟುಹೋದ ಜೀವಿಯೂ ಹೊಡೆಯುವುದು ಒಗಟೆಂದು 2009ರಲ್ಲಿ ತಯಾರಕರು ಆ ಬಿಡುವನ್ನೇ ತೆಗೆದರು. ಅಂದಿನಿಂದ ಏಟು ಅಥವಾ ಬಲಿ, ಎರಡರಲ್ಲಿ ಒಂದೇ. ಆಟ ಸರಳವಾಯಿತು, ಹತ್ತು ವರ್ಷ ರೂಢಿಸಿಕೊಂಡ ಜಾಣ್ಮೆ ವ್ಯರ್ಥವಾಯಿತು. ಎಲೆ ಕೊಂಡವರದು, ಅದರ ಅರ್ಥ ಮಾತ್ರ ನಿಯಮ ಬರೆಯುವವರದು.