ಎತ್ತಿನ ಗಾಡಿ ಏರಿದ ಆಪಲ್

ಆ ಫೋಟೋ ನೀವೂ ನೋಡೇ ಇರ್ತೀರಿ. ಒಂದು ಎತ್ತಿನ ಗಾಡಿ, ಅದರ ಮೇಲೆ ಒಂದು ಉಪಗ್ರಹ. ಆಗಸ್ಟ್ 15 ಬಂದಾಗ, ಇಸ್ರೋದವರು ಏನಾದರೂ ಹಾರಿಸಿದಾಗ, ನನ್ನ ಫೋನಿಗೆ ಅದು ತಪ್ಪದೆ ಬರುತ್ತೆ. ಜೊತೆಗೆ ಸೈಕಲ್ ಮೇಲೆ ರಾಕೆಟ್ಟಿನ ಮೂತಿ ಸಾಗಿಸುತ್ತಿರುವ ಇನ್ನೊಂದು ಫೋಟೋ. ಎರಡಕ್ಕೂ ಸೇರಿ ಒಂದೇ ಒಕ್ಕಣೆ: ಅಂದು ಲಾರಿಗೂ ದುಡ್ಡಿರಲಿಲ್ಲ, ಇಂದು ಚಂದ್ರನ ಮೇಲಿದ್ದೇವೆ!

ಓದೋಕೆ ಚೆನ್ನಾಗಿದೆ. ಆದರೆ ಸೈಕಲ್ಲಿನ ಕತೆಯೇ ಬೇರೆ, ಗಾಡಿಯ ಕತೆಯೇ ಬೇರೆ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದರಿಂದ ನಾವು ಒಂದು ಮುಖ್ಯವಾದ ವಿಷಯವನ್ನು ಕಳಕೊಂಡಿದ್ದೇವೆ ಅನ್ನೋದು ನನ್ನ ತಕರಾರು.

ಮೊದಲು ಸೈಕಲ್. ಅದು ತಿರುವನಂತಪುರದ ಹತ್ತಿರದ ತುಂಬಾ ಎಂಬ ಮೀನುಗಾರರ ಹಳ್ಳಿಯದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಊರಿನ ಹತ್ತಿರ ಹಾದುಹೋಗುತ್ತೆ ಅನ್ನೋ ಕಾರಣಕ್ಕೆ ವಿಕ್ರಮ್ ಸಾರಾಭಾಯಿ ಮತ್ತು ಸಂಗಡಿಗರು ಆ ಜಾಗ ಆರಿಸಿದರು. 1963ರ ನವೆಂಬರ್ 21ರಂದು ಅಮೆರಿಕದಿಂದ ಬಂದ ನೈಕಿ-ಅಪಾಚಿ ರಾಕೆಟ್ ಅಲ್ಲಿಂದ ಹಾರಿತು. ಚರ್ಚೇ ಅವರ ಕಚೇರಿ. ವಾಹನಗಳು ಕಡಿಮೆ, ಹಾಗಾಗಿ ರಾಕೆಟ್ಟಿನ ಬಿಡಿಭಾಗಗಳು ಸೈಕಲ್ ಮೇಲೂ ಹೋಗ್ತಿದ್ದವು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸಾನ್ 1966ರಲ್ಲಿ ಅದನ್ನು ಸೆರೆಹಿಡಿದರು. ಇಲ್ಲಿ ಕೊರತೆಯೇ ಕತೆ, ಒಪ್ಪೋಣ.

ಗಾಡಿಯ ಫೋಟೋ 1981ರದ್ದು. ನಡುವೆ ಹದಿನೈದು ವರ್ಷದ ಅಂತರ. ಅಷ್ಟರಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ, 360 ಕಿಲೋ ತೂಕದ ಆರ್ಯಭಟ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಕಕ್ಷೆ ಸೇರಿತ್ತು. 1980ರ ಜುಲೈನಲ್ಲಿ ನಮ್ಮದೇ ಎಸ್‌ಎಲ್‌ವಿ-3 ರಾಕೆಟ್ 35 ಕಿಲೋದ ರೋಹಿಣಿಯನ್ನು ಮೇಲಕ್ಕೆ ಒಯ್ದಿತ್ತು. ಉಪಗ್ರಹ ಕಟ್ಟಿ, ರಾಕೆಟ್ ಹಾರಿಸಿದ ಸಂಸ್ಥೆಗೆ ಒಂದು ಲಾರಿ ಸಿಗಲಿಲ್ಲ ಅಂದರೆ ನಂಬೋ ಮಾತಾ?

ಗಾಡಿಯ ಮೇಲೆ ಕೂತ ಉಪಗ್ರಹದ ಹೆಸರು ಆಪಲ್. ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ‘ಏರಿಯಾನ್ ಪ್ಯಾಸೆಂಜರ್ ಪೇಲೋಡ್ ಎಕ್ಸ್‌ಪೆರಿಮೆಂಟ್’ ಅನ್ನೋದರ ಚಿಕ್ಕ ರೂಪ. ಯುರೋಪಿನವರು ತಮ್ಮ ಹೊಸ ಏರಿಯಾನ್ ರಾಕೆಟ್ಟಿನ ಪರೀಕ್ಷಾ ಹಾರಾಟದಲ್ಲಿ ಬಿಟ್ಟಿ ಸೀಟು ಕೊಡ್ತೀವಿ ಅಂದಿದ್ದರು. ಭಾರತ ಆ ಸೀಟು ಹಿಡಿದು ತನ್ನ ಮೊದಲ ಸಂಪರ್ಕ ಉಪಗ್ರಹವನ್ನು ಕಟ್ಟಿತು. ಯೋಜನೆಯ ಮುಖ್ಯಸ್ಥರು ಆರ್.ಎಂ. ವಾಸಗಂ. ತೂಕ ಸುಮಾರು 670 ಕಿಲೋ. ಆರ್ಯಭಟ ಬುಗುರಿ ಹಾಗೆ ಸುತ್ತುತ್ತಾ ಸ್ಥಿರವಾಗಿ ನಿಲ್ಲುತ್ತಿತ್ತು. ಆಪಲ್ ಸುತ್ತದೆ, ಮುಖವನ್ನು ಭೂಮಿಯ ಕಡೆಗೇ ಇಟ್ಟುಕೊಂಡು ನಿಲ್ಲಬೇಕಿತ್ತು. ಅದು ನಮಗೆ ಹೊಸ ವಿದ್ಯೆ.

ಸಂಪರ್ಕ ಉಪಗ್ರಹ ಅಂದ ಮೇಲೆ ಆಂಟೆನಾ ಅದರ ಕಿವಿಯೂ ಹೌದು, ಬಾಯಿಯೂ ಹೌದು. ಮೇಲೆ ಹೋಗೋ ಮುಂಚೆ ಅದು ಸರಿಯಾಗಿ ಮಾತಾಡುತ್ತಾ, ಕೇಳಿಸಿಕೊಳ್ಳುತ್ತಾ ಅಂತ ಪರೀಕ್ಷೆ ಮಾಡಬೇಕು. ಖಾಲಿ ಕಲ್ಯಾಣಮಂಟಪದಲ್ಲಿ ನಿಂತು ಮಾತಾಡಿ ನೋಡಿ. ನಿಮ್ಮ ದನಿ ಯಾವುದು, ಗೋಡೆಗೆ ಬಡಿದು ವಾಪಸ್ ಬಂದದ್ದು ಯಾವುದು ಅಂತ ಗೊತ್ತಾಗಲ್ಲ. ರೇಡಿಯೋ ತರಂಗಗಳ ಪಾಡೂ ಅದೇ. ಸುತ್ತ ಲೋಹ ಇದ್ದರೆ ಬಡಿದು ವಾಪಸ್ ಬರುತ್ತವೆ. ಉಪಗ್ರಹವನ್ನು ಲಾರಿ ಮೇಲಿಟ್ಟು ಪರೀಕ್ಷೆ ಮಾಡಿದರೆ, ಕಂಡ ದೋಷ ಆಂಟೆನಾದ್ದೋ ಲಾರಿಯ ಕಬ್ಬಿಣದ್ದೋ ಹೇಳೋದು ಹೇಗೆ? ಅದಕ್ಕೇ ಬಯಲು ಬೇಕು, ಲೋಹವಿಲ್ಲದ ಒಂದು ಮಣೆ ಬೇಕು, ಆ ಮಣೆ ನಡೆಯಲೂ ಬೇಕು. ಮರದ ಗಾಡಿಗಿಂತ ಒಳ್ಳೆಯದು ಇನ್ನೇನಿದೆ ಹೇಳಿ!

ಅಂದರೆ ಆ ಗಾಡಿ ಬಡತನದ ಗುರುತಲ್ಲ, ಒಂದು ಅಳತೆಯ ಉಪಕರಣ. ಎಂಜಿನಿಯರುಗಳು ತಲೆ ಓಡಿಸಿ ಹುಡುಕಿಕೊಂಡ ಉತ್ತರ.

ಮುಂದಿನದೂ ಸಲೀಸಾಗಿರಲಿಲ್ಲ. ಏರಿಯಾನ್‌ನ ಮೊದಲ ಹಾರಾಟ ಗೆದ್ದಿತ್ತು, 1980ರ ಮೇ ತಿಂಗಳ ಎರಡನೆಯದು ಸೋತಿತ್ತು. ಮೂರನೆಯದರಲ್ಲಿ ನಮ್ಮ ಆಪಲ್. 1981ರ ಜೂನ್ 19ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ರಾಕೆಟ್ ಏರಿತು. ಅದು ಬಿಟ್ಟುಕೊಟ್ಟದ್ದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ. ಅಲ್ಲಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ದುಂಡು ಕಕ್ಷೆಗೆ ತಳ್ಳಿದ್ದು ನಮ್ಮದೇ ಮೋಟಾರು, ಎಸ್‌ಎಲ್‌ವಿ-3ರ ನಾಲ್ಕನೇ ಹಂತದಿಂದ ರೂಪಿಸಿಕೊಂಡದ್ದು. ಮೇಲೆ ಹೋದ ಮೇಲೆ ಎರಡು ಸೌರ ಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಉಳಿದ ಒಂದರಲ್ಲೇ ಸಂಭಾಳಿಸಿಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಗ್ರಹವನ್ನು ನಡೆಸಿದರು. ಟಿವಿ, ರೇಡಿಯೋ ಪ್ರಯೋಗಗಳನ್ನು ಮಾಡಿದರು. 1982ರಲ್ಲಿ ಹಾಸನದಲ್ಲಿ ಇನ್ಸಾಟ್ ನಿಯಂತ್ರಣ ಕೇಂದ್ರ ಬಂತು. ಮೊದಲ ಇನ್ಸಾಟ್‌ಗಳನ್ನು ಅಮೆರಿಕದಿಂದ ಮಾಡಿಸಿ ತಂದೆವು ನಿಜ, ಆದರೆ 1992ರ ಇನ್ಸಾಟ್-2ಎ ಇಲ್ಲೇ ಕಟ್ಟಿದ್ದು. ಆ ಕೈಗಳು ಪಳಗಿದ್ದು ಆಪಲ್‌ನಲ್ಲಿ.

2014ರಲ್ಲಿ ಮಂಗಳಯಾನ ಗೆದ್ದಾಗ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಹಾಕಿತು. ಸಿರಿವಂತರ ಅಂತರಿಕ್ಷ ಕ್ಲಬ್ಬಿನ ಬಾಗಿಲು ಬಡಿಯುತ್ತಿರುವ, ಹಸು ಹಿಡಿದುಕೊಂಡ ರೈತ. ನಮಗೆಲ್ಲ ಸಿಟ್ಟು ಬಂತು, ಪತ್ರಿಕೆ ಕ್ಷಮೆಯನ್ನೂ ಕೇಳಿತು. ಆದರೆ ಗಾಡಿಯ ಫೋಟೋ ಕೆಳಗೆ ನಾವೇ ಬರೆಯೋ ಒಕ್ಕಣೆಗೂ ಆ ಚಿತ್ರಕ್ಕೂ ಎಷ್ಟು ದೂರ? ಅವರು ಎತ್ತು-ಹಸು ನೋಡಿ ನಕ್ಕರು, ನಾವು ಎತ್ತು ನೋಡಿ ಕಣ್ಣೊರೆಸಿಕೊಂಡೆವು. ಗಾಡಿ ಯಾಕೆ ಬಂತು ಅಂತ ಇಬ್ಬರೂ ಕೇಳಲಿಲ್ಲ.

ಇದು ಬರೀ ಫೋಟೋದ ಮಾತಲ್ಲ. ದುಡ್ಡಿಲ್ಲದೆ ಮಾಡಿದರು ಅಂತ ಹೊಗಳಿ ಹೊಗಳಿ, ದುಡ್ಡಿಲ್ಲದಿರೋದೇ ಒಂದು ಗುಣ ಅನ್ನೋ ಹಾಗಾಗಿದೆ. ಸರ್ಕಾರಿ ಶಾಲೆಯ ಪ್ರಯೋಗಶಾಲೆಗೆ ಹಣ ಕೇಳಿದರೆ, ಇಸ್ರೋದವರು ಎತ್ತಿನ ಗಾಡಿಯಲ್ಲೇ ಮಾಡಲಿಲ್ಲವಾ ಅನ್ನೋದಕ್ಕೆ ಇದೇ ಫೋಟೋ ಒದಗುತ್ತೆ. ಗಾಡಿಯ ಮೇಲೆ ಕೂತದ್ದು ಪುಕ್ಕಟೆ ಬಂದದ್ದಲ್ಲ. ವರ್ಷಗಟ್ಟಲೆ ಸಂಬಳ, ಶೆಡ್ಡು, ಯಂತ್ರ, ತರಬೇತಿ ಎಲ್ಲಕ್ಕೂ ದೇಶ ಹಣ ಸುರಿದಿತ್ತು.

ಇನ್ನು ಮುಂದೆ ಆ ಫೋಟೋ ಬಂದರೆ ಮನೆಯ ಮಕ್ಕಳಿಗೆ ತೋರಿಸಿ. ಒಕ್ಕಣೆ ಓದಬೇಡಿ, ಲಾರಿ ಬಿಟ್ಟು ಗಾಡಿ ಯಾಕೆ ತಂದರು ಅಂತ ಕೇಳಿ. ಉತ್ತರ ತಕ್ಷಣ ಹೇಳಬೇಡಿ, ಸ್ವಲ್ಪ ಹೊತ್ತು ಅವರೇ ಯೋಚಿಸಲಿ.