ಹಾಸಿಗೆ ಹಿಡಿದವರನ್ನು 'ನಿಮಗೇನು ಬೇಕು' ಎಂದು ಮೊದಲು ಕೇಳಿದವರು

ಕೆಲವು ವರ್ಷದ ಹಿಂದೆ ನಮ್ಮ ಹೋಬಳಿಯಲ್ಲಿ ಗಾಲಿಕುರ್ಚಿ ಹಂಚುವ ಕಾರ್ಯಕ್ರಮ ಇತ್ತು. ವರದಿಗೆ ಹೋಗಿದ್ದೆವು. ಕುರ್ಚಿ ಕೊಟ್ಟವರ ಹೆಸರು, ದೀಪ ಹಚ್ಚಿದವರ ಹೆಸರು, ವೇದಿಕೆ ಮೇಲೆ ಕೂತವರ ಹೆಸರು ಎಲ್ಲವನ್ನೂ ಬರೆದುಕೊಂಡು ಬಂದೆವು. ರಾತ್ರಿ ಸುದ್ದಿ ಟೈಪ್ ಮಾಡುವಾಗ ಗೊತ್ತಾಯಿತು, ಕುರ್ಚಿಯಲ್ಲಿ ಕೂತಿದ್ದ ಅಜ್ಜನ ಹೆಸರನ್ನೇ ಕೇಳಿರಲಿಲ್ಲ. ಫೋಟೊ ಕೆಳಗೆ 'ಫಲಾನುಭವಿ' ಅಂತ ಅಚ್ಚಾಯಿತು.

ಆಮೇಲೆ ಒಂದು ದಿನ ಆ ಊರಿಗೆ ಹೋದಾಗ ಕುರ್ಚಿ ಜಗಲಿ ಮೇಲಿತ್ತು, ಮೇಲೆ ಬಟ್ಟೆ ಒಣಗುತ್ತಿತ್ತು. ಬಾಗಿಲಲ್ಲಿ ಅದು ಹಿಡಿಯುವುದಿಲ್ಲ ಎಂದರು ಸೊಸೆ. ಅಜ್ಜನಿಗೆ ಬೇಕಿದ್ದದ್ದು ಬಚ್ಚಲಿನ ಗೋಡೆಗೆ ಒಂದು ಹಿಡಿಕೆ. ಹಿಡಿದುಕೊಂಡು ತಾನೇ ನಿಂತರೆ ಸೊಸೆಯ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವ ಸಂಕೋಚ ತಪ್ಪುತ್ತಿತ್ತು. ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಕೇಳುವುದು ಇಷ್ಟು ಸುಲಭದ ಕೆಲಸ ಅನಿಸಿದರೂ, ಆಸ್ಪತ್ರೆಗಳು ಅದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಆ ಕಥೆಯನ್ನು ಇವತ್ತು ಹೇಳುತ್ತೇವೆ. ಶುರುವಾಗುವುದು ಲಂಡನ್ನಿನಲ್ಲಿ, ಆದರೆ ನಮಗೆ ಹೆಚ್ಚು ಬೇಕಾದ ಭಾಗ ನಮ್ಮ ಪಕ್ಕದಲ್ಲೇ ಇದೆ. ಗುಂಡ್ಲುಪೇಟೆಯಿಂದ ಮುತ್ತಂಗ ದಾಟಿ ನೇರ ಹೋದರೆ ಸಿಗುವ ಕಲ್ಲಿಕೋಟೆಯಲ್ಲಿ.

ಸಿಸಿಲಿ ಸಾಂಡರ್ಸ್ ಹುಟ್ಟಿದ್ದು 1918ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸ್ ಆದರು. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ರೋಗಿಗಳ ಮನೆಯ ಕಷ್ಟಸುಖ ವಿಚಾರಿಸುವ ಸಮಾಜ ಕಾರ್ಯಕರ್ತೆಯಾಗಿ ಅದೇ ಆಸ್ಪತ್ರೆಗಳ ಲೋಕದಲ್ಲೇ ಉಳಿದರು. ಅಲ್ಲಿ ಡೇವಿಡ್ ಟಾಸ್ಮಾ ಎಂಬ ರೋಗಿ ಸಿಕ್ಕರು. ಪೋಲೆಂಡಿನ ಯಹೂದಿ, ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು, ಹೇಳಿಕೊಳ್ಳಲು ತಮ್ಮವರು ಯಾರೂ ಹತ್ತಿರವಿಲ್ಲ, ಕ್ಯಾನ್ಸರ್ ಕೈಮೀರಿತ್ತು. ಆಸ್ಪತ್ರೆಯ ಲೆಕ್ಕದಲ್ಲಿ ಅವರಿಗೆ ಮಾಡುವುದು ಇನ್ನೇನೂ ಉಳಿದಿರಲಿಲ್ಲ. ಸಿಸಿಲಿ ಮಾತ್ರ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಇಂಥವರಿಗಾಗಿ ಒಂದು ಮನೆ ಇರಬೇಕು ಎಂದು ಇಬ್ಬರೂ ಮಾತಾಡಿಕೊಂಡರು. 1948ರಲ್ಲಿ ಟಾಸ್ಮಾ ತೀರಿಕೊಂಡಾಗ ಸಿಸಿಲಿಗೆ 500 ಪೌಂಡ್ ಬಿಟ್ಟುಹೋಗಿದ್ದರು. ನಿನ್ನ ಮನೆಯಲ್ಲಿ ನಾನೊಂದು ಕಿಟಕಿಯಾಗುತ್ತೇನೆ ಎಂಬ ಅರ್ಥದ ಮಾತು ಹೇಳಿದ್ದರಂತೆ.

ಆ ಮನೆ ಏಳಲು 19 ವರ್ಷ ಬೇಕಾಯಿತು. ನರ್ಸ್ ಹೇಳಿದರೆ ವೈದ್ಯರು ಕೇಳುವುದಿಲ್ಲ, ನೀನೇ ಡಾಕ್ಟರಾಗು ಎಂದು ಒಬ್ಬ ಸರ್ಜನ್ ಸಲಹೆ ಕೊಟ್ಟರು. ಮೂವತ್ತು ದಾಟಿದ ಹೆಂಗಸು ಮತ್ತೆ ಕಾಲೇಜಿಗೆ ಸೇರಿ 1957ರಲ್ಲಿ ಡಾಕ್ಟರಾದರು. ಪೂರ್ವ ಲಂಡನ್ನಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್ ಎಂಬಲ್ಲಿ ಕೆಲಸ ಹಿಡಿದರು. ಆಗ ನೋವಿನ ಔಷಧಿ ಕೊಡುತ್ತಿದ್ದ ಕ್ರಮ ಹೇಗಿತ್ತೆಂದರೆ, ರೋಗಿ ತಾಳಲಾರದೆ ಕೂಗಿಕೊಂಡ ಮೇಲೆ ಒಂದು ಇಂಜೆಕ್ಷನ್. ಅಂದರೆ ಔಷಧಿ ಬೇಕಾದರೆ ಮೊದಲು ನರಳಬೇಕು, ಬೇಡಬೇಕು. ಸಿಸಿಲಿ ಅದನ್ನು ತಿರುಗಿಸಿದರು. ನೋವು ಮರುಕಳಿಸುವ ಮುಂಚೆಯೇ, ಗಡಿಯಾರ ನೋಡಿ, ಬಾಯಿ ಮೂಲಕ ಮಾರ್ಫಿನ್. ರೋಗಿ ಬೇಡುವ ಪ್ರಮೇಯವೇ ಬರಬಾರದು. ನಮ್ಮ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ದೊಡ್ಡ ಮಾತು ಇದೇ.

ಇನ್ನೊಂದು ಕೆಲಸವನ್ನೂ ಮಾಡಿದರು. ರೋಗಿಗಳ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದರು. ಎಲ್ಲಿ ನೋವು ಅಂತ ಕೇಳಿದರೆ ಒಬ್ಬಾಕೆ ಬೆನ್ನಿನಿಂದ ಶುರುಮಾಡಿ, ತನ್ನಿಂದ ಗಂಡ ಮಗನ ದುಡಿಮೆಗೆ ಬೀಳುವ ಪೆಟ್ಟಿನವರೆಗೆ ಹೇಳಿದಳು. ಅವಳ ಪಾಲಿಗೆ ಅದೆಲ್ಲ ಒಂದೇ ನೋವು. ಇದನ್ನು ಸಿಸಿಲಿ 'ಒಟ್ಟು ನೋವು' ಎಂದು ಕರೆದರು. ಮೈ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ದೇವರ ಮೇಲಿನ ಪ್ರಶ್ನೆ ಎಲ್ಲ ಸೇರಿದ್ದು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು. ಟಾಸ್ಮಾನ ಕಿಟಕಿಯೂ ಇತ್ತು. ಸಿಸಿಲಿ ತೀರಿಕೊಂಡದ್ದು 2005ರಲ್ಲಿ, ತಾವು ಕಟ್ಟಿದ ಅದೇ ಮನೆಯಲ್ಲಿ.

ಇಂಥ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕನ್ನಡದಲ್ಲಿ ಉಪಶಾಮಕ ಆರೈಕೆ ಅಂತ ಬರೆಯುತ್ತಾರೆ, ಊರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಮೂಲ ಲ್ಯಾಟಿನ್ ಪದಕ್ಕೆ ಮೈಮೇಲೆ ಹೊದಿಸುವ ವಸ್ತ್ರ ಎಂಬ ಅರ್ಥ. ಕಂಬಳಿ ಅಂದುಕೊಳ್ಳಿ. ಚಳಿಯನ್ನು ಕಂಬಳಿ ನಿಲ್ಲಿಸುವುದಿಲ್ಲ, ಚಳಿಯಲ್ಲಿ ಕೂತವರನ್ನು ಕಾಯುತ್ತದೆ.

ಭಾರತಕ್ಕೆ ಈ ವಿಚಾರ ಬಂದದ್ದು ದೊಡ್ಡ ಊರುಗಳ ಮೂಲಕ. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಆವೇದನಾ ಸದನ ಶುರುವಾಯಿತು. ಬೆಂಗಳೂರಿನ ಕರುಣಾಶ್ರಯದ ಕೆಲಸ 1994ರಲ್ಲಿ ಆರಂಭವಾಗಿ, 1999ರಲ್ಲಿ ರೋಗಿಗಳಿಗೆ ಹಾಸಿಗೆಗಳು ಸಿದ್ಧವಾದವು. ಅಲ್ಲಿ ಆರೈಕೆ ಪೂರ್ತಿ ಉಚಿತ. ಆದರೆ ನಮ್ಮ ಕಡೆಯವರು ಬೆಂಗಳೂರಿಗೆ ಹೋಗಿ ಮಲಗಿದರೆ ಮನೆಯಲ್ಲಿ ದನ ನೋಡುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಕಲ್ಲಿಕೋಟೆ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಅರಿವಳಿಕೆ ವಿಭಾಗದ ವೈದ್ಯರು. ಅವರೇ ಹೇಳಿಕೊಂಡಿರುವ ಒಂದು ಘಟನೆ ಇದೆ. ಕ್ಯಾನ್ಸರ್ ಇದ್ದ ಕಾಲೇಜು ಮೇಷ್ಟರೊಬ್ಬರನ್ನು ನೋವಿಗಾಗಿ ಇವರ ಹತ್ತಿರ ಕಳಿಸಿದ್ದರು. ನರಕ್ಕೆ ಇಂಜೆಕ್ಷನ್ ಕೊಟ್ಟರು, ನೋವು ಪೂರ್ತಿ ಹೋಯಿತು. ಮತ್ತೆ ಯಾವಾಗ ಬರಲಿ ಅಂತ ಮೇಷ್ಟರು ಕೇಳಿದರೆ, ನೋವು ಹೋಗಿದೆಯಲ್ಲ, ಬರುವ ಅಗತ್ಯವಿಲ್ಲ ಎಂದರು ಡಾಕ್ಟರು. ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂಬುದು ಮೇಷ್ಟರಿಗೆ ತಿಳಿದದ್ದು ಆ ಮಾತಿನಿಂದ. ಮನೆಗೆ ಹೋಗಿ ಪ್ರಾಣ ಕಳೆದುಕೊಂಡರು. ತಾನು ನೋಡಿದ್ದು ನರವನ್ನು, ಮನುಷ್ಯನನ್ನಲ್ಲ ಎಂಬ ಅರಿವು ರಾಜಗೋಪಾಲರಿಗೆ ಬಂದದ್ದು ಆಗ. ಇಂಥ ತಪ್ಪನ್ನು ಸಭೆಗಳಲ್ಲಿ ಎದ್ದು ನಿಂತು ಹೇಳುವ ದೊಡ್ಡವರು ಕಡಿಮೆ.

1993ರಲ್ಲಿ ಅವರು, ಡಾ. ಸುರೇಶ್ ಕುಮಾರ್ ಮತ್ತು ವೈದ್ಯರಲ್ಲದ ಅಶೋಕ್ ಕುಮಾರ್ ಸೇರಿ ಮೆಡಿಕಲ್ ಕಾಲೇಜಿನಲ್ಲೇ ಒಂದು ಕ್ಲಿನಿಕ್ ಶುರುಮಾಡಿದರು. ಜನ ದೂರದೂರದಿಂದ ಬಂದರು. ಬರಲಾಗದವರು ಇನ್ನೂ ಹೆಚ್ಚು ಎಂಬುದೂ ಬೇಗ ತಿಳಿಯಿತು. ಇನ್ನೊಂದು ತೊಡಕು, ಕಾನೂನಿನದು. ಮಾದಕ ವಸ್ತು ತಡೆಯುವ 1985ರ ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆದು ಹೊರದೇಶಕ್ಕೆ ಮಾರುತ್ತಿದ್ದ ದೇಶದಲ್ಲಿ ನಮ್ಮ ರೋಗಿಗಳಿಗೆ ಅದು ಸಿಗಲಿಲ್ಲ. ಕಾಯ್ದೆ ಸಡಿಲವಾದದ್ದು 2014ರಲ್ಲಿ.

ಮನೆಗೆ ಬರಲಾಗದವರ ಮನೆಗೆ ಹೋಗುವವರು ಯಾರು? ಮಲಪ್ಪುರಂ ಜಿಲ್ಲೆಯಲ್ಲಿ 1999ರಲ್ಲಿ ಸುರೇಶ್ ಕುಮಾರ್ ಮತ್ತು ಜೊತೆಯವರು ಅಕ್ಕಪಕ್ಕದ ಮನೆಯವರನ್ನೇ ಕರೆದರು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ಸರಿ. 16 ಗಂಟೆ ಪಾಠ, ನಾಲ್ಕು ದಿನ ರೋಗಿಗಳ ಬಳಿ ಕಲಿಕೆ. ದುಡ್ಡು ಅಂಗಡಿ ಮುಂದಿನ ಡಬ್ಬಿಯಿಂದ, ಶಾಲೆ ಮಕ್ಕಳಿಂದ, ಬಸ್ಸಿನವರಿಂದ, ಕೂಲಿಯವರಿಂದ ಚಿಲ್ಲರೆ ಚಿಲ್ಲರೆಯಾಗಿ ಬಂತು. ಡಾಕ್ಟರು, ನರ್ಸು ಬೆನ್ನಿಗಿದ್ದರು. ಮುಂದೆ ನಡೆದವರು ಊರಿನವರು.

ಕ್ಯಾನ್ಸರ್ ರೋಗಿಗಳನ್ನು ಹುಡುಕಿ ಹೊರಟವರಿಗೆ ಒಳಮನೆಗಳಲ್ಲಿ ಬೇರೆಯವರೂ ಸಿಕ್ಕರು. ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು, ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು, ಸುಮ್ಮನೆ ಮುದುಕರಾದವರು. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಬೇಡ. ಒಬ್ಬರಿಗೆ ಮೂತ್ರದ ಪೈಪು ಬದಲಿಸಬೇಕು, ಇನ್ನೊಬ್ಬರಿಗೆ ತಿಂಗಳ ಅಕ್ಕಿ, ಮತ್ತೊಬ್ಬರಿಗೆ ಮಗಳ ಶಾಲೆ ಫೀಸು. ಸೊಂಟ ಸ್ವಾಧೀನವಿಲ್ಲದ ಯುವಕರು ಕೊಡೆ ತಯಾರಿಸಿ ದುಡಿಯತೊಡಗಿದರು. ಅವರಿಗೆ ಬೇಕಿದ್ದದ್ದು ಕನಿಕರವಲ್ಲ, ಕೈಗೆ ಕೆಲಸ. 2008ರಲ್ಲಿ ಕೇರಳ ಸರ್ಕಾರ ದೇಶದಲ್ಲೇ ಮೊದಲಾಗಿ ಇದಕ್ಕೊಂದು ನೀತಿ ತಂದಿತು, ಪಂಚಾಯಿತಿಗಳು ಮನೆಮನೆಗೆ ಹೋಗುವ ನರ್ಸುಗಳನ್ನು ನೇಮಿಸಿದವು.

ಮೈ ಒರೆಸುವುದಕ್ಕೂ ಒಂದು ರೀತಿ ಇದೆ. ಮೊದಲು ಹೆಸರಿಡಿದು ಮಾತಾಡಿಸಿ, ಒರೆಸಲೇ ಎಂದು ಕೇಳಬೇಕು. ಮಾತು ಬಾರದವರಾದರೂ ಕೇಳಬೇಕು, ಕಣ್ಣು ಹೇಳುತ್ತದೆ. ಬಾಗಿಲು ಮುಂದೆ ಮಾಡಿ, ಒರೆಸುವ ಭಾಗವನ್ನಷ್ಟೇ ತೆರೆದು ಉಳಿದದ್ದನ್ನು ಚಾದರದಲ್ಲಿ ಮುಚ್ಚಿರಬೇಕು. ಮುಖ ಒರೆಸಿಕೊಳ್ಳಲು ಅವರಿಗೇ ಆದರೆ ಬಟ್ಟೆ ಅವರ ಕೈಗೇ ಕೊಡಬೇಕು, ಹೊತ್ತಾದರೂ ಸರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನುಹುಣ್ಣು ಆಗುವುದು ಬಹುಪಾಲು ತಪ್ಪುತ್ತದೆ. ಗಂಜಿ ಕುಡಿಸುವಾಗ ನಿಂತು ಕುಡಿಸಬಾರದು, ಪಕ್ಕದಲ್ಲಿ ಕೂರಬೇಕು. ಅವರ ಎದುರಿಗೇ 'ಇನ್ನೆಷ್ಟು ದಿನವೋ' ಅಂತ ನೆಂಟರ ಜೊತೆ ಮಾತಾಡಬಾರದು. ಇದು ನಮ್ಮ ಕಡೆ ಬಹಳ.

ಎಲ್ಲವನ್ನೂ ಒಬ್ಬ ಸೊಸೆಯ ತಲೆಗೆ ಕಟ್ಟಿ ಅದನ್ನು ನಮ್ಮ ಸಂಸ್ಕೃತಿ ಎನ್ನುವುದೂ ನಮ್ಮ ಕಡೆ ಬಹಳ. ಮಲಪ್ಪುರಂನಲ್ಲಿ ಹಂಚಿಕೊಂಡದ್ದು ಆ ಹೊರೆಯನ್ನೇ.

ಕೇಂದ್ರ ಸರ್ಕಾರದ ಪ್ಯಾಲಿಯೇಟಿವ್ ಕೇರ್ ಕಾರ್ಯಕ್ರಮ 2012ರಿಂದ ಇದೆ. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸೇವೆಗಳ ಪಟ್ಟಿಯಲ್ಲಿ ಹಿರಿಯರ ಆರೈಕೆಯೂ ಉಪಶಾಮಕ ಆರೈಕೆಯೂ ಸೇರಿವೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಆಶಾ ಕಾರ್ಯಕರ್ತೆಯನ್ನೋ ಅಲ್ಲಿನ ಸಿಬ್ಬಂದಿಯನ್ನೋ ಇದರ ಹೆಸರು ಹೇಳಿಯೇ ವಿಚಾರಿಸಿ. ಇಲ್ಲ ಎಂದರೆ ಗ್ರಾಮಸಭೆಯಲ್ಲಿ ಕೇಳಿ.

ಆ ಅಜ್ಜನ ಬಚ್ಚಲಿಗೆ ಕೊನೆಗೆ ಹಿಡಿಕೆ ಹಾಕಿದ್ದು ಮೊಮ್ಮಗ, ಬೋರ್‌ವೆಲ್ ಕೆಲಸದಲ್ಲಿ ಉಳಿದ ಜಿಐ ಪೈಪಿನ ತುಂಡಿನಲ್ಲಿ. ಅಜ್ಜನ ಹೆಸರು ಈಗ ನಮಗೆ ಗೊತ್ತು. ಪೇಪರಿನಲ್ಲಿ ಹಾಕಬೇಡಿ ಎಂದರು, ಹಾಕಿಲ್ಲ.