ನುಡಿ ಸರಿದ ನೆಲದ ಅಧ್ಯಯನ: ಗೇಲಿಕ್ ಜನರು ಮತ್ತು ಸಾಸವಡದ ಸೀಮೆ

ಒಂದು ನೆಲದಲ್ಲಿ ಆಡುತ್ತಿದ್ದ ನುಡಿ ಅಲ್ಲಿಂದ ಸರಿದುಹೋದ ಮೇಲೆ, ಆ ನುಡಿಯ ಜನರನ್ನೂ ಅವರ ಸಮಾಜವನ್ನೂ ಅರಿಯುವ ಬಗೆ ಯಾವುದು? ಈ ಪ್ರಶ್ನೆಗೆ ಯುರೋಪಿನ ವಿದ್ವಾಂಸರು ಗೇಲಿಕ್ ಜನರ ಅಧ್ಯಯನದಲ್ಲಿ ಉತ್ತರ ಅರಸಿದ್ದಾರೆ. ಪುಣೆಯ ಸುತ್ತಲಿನ ನೆಲಕ್ಕೂ ಅದು ದಾರಿದೀಪವಾಗಬಲ್ಲದೆಂದು ನಾವು ಭಾವಿಸುತ್ತೇವೆ.

ಗೇಲಿಕ್ ಸಮಾಜ

ಐರ್ಲೆಂಡಿನ ಗೇಲಿಕ್ ನುಡಿ ಮಧ್ಯಯುಗದ ಆರಂಭದಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲೂ ಬೇರೂರಿತ್ತು. ಅಲ್ಲಿದ್ದ ರಾಜ್ಯ ದಾಲ್ ರಿಯಾಟಾ. ಸಂತ ಕೊಲಂಬ ಕ್ರಿ.ಶ. 563ರಲ್ಲಿ ಅಯೋನಾ ದ್ವೀಪದಲ್ಲಿ ಮಠ ಸ್ಥಾಪಿಸಿದನು. ದನಕರುಗಳೇ ಆ ಜನರ ಸಂಪತ್ತಿನ ಅಳತೆಗೋಲು. ಅವರ ಪ್ರಸಿದ್ಧ ವೀರಗಾಥೆಯೊಂದರ ವಸ್ತುವೂ ಗೋಗ್ರಹಣವೇ. ಇದನ್ನು ಓದುವ ಕನ್ನಡಿಗನಿಗೆ ನಮ್ಮ ವೀರಗಲ್ಲುಗಳ ‘ತುರುಗೋಳ್’ ನೆನಪಾಗದಿರದು.

ಮುಂದೆ ಸ್ಕಾಟ್ಲೆಂಡಿನ ಬಹುಭಾಗದಲ್ಲಿ ಗೇಲಿಕ್ ಮರೆಯಾಯಿತು, ಆದರೆ ಊರ ಹೆಸರುಗಳು ಉಳಿದವು. ಕಿಲ್ಮಾರ್ನಾಕ್ ಎಂಬ ಊರಿನ ‘ಕಿಲ್’ ಎಂದರೆ ಗೇಲಿಕ್‌ನಲ್ಲಿ ಪ್ರಾರ್ಥನಾ ಮಂದಿರ. ಇಂತಹ ಹೆಸರುಗಳನ್ನು ವಿಲಿಯಂ ವಾಟ್ಸನ್ ಅವರು 1926ರ ತಮ್ಮ ಗ್ರಂಥದಲ್ಲಿ ಕ್ರಮವಾಗಿ ಪರಿಶೀಲಿಸಿದರು.

ನಮ್ಮಲ್ಲಿ ನಡೆದ ಕೆಲಸ

ಇದೇ ಬಗೆಯ ಕೆಲಸವನ್ನು ಕನ್ನಡದಲ್ಲಿ 1930ರ ದಶಕದಿಂದ ಕೈಗೊಂಡವರು ಶಂ.ಬಾ. ಜೋಶಿ (1896–1991). ಸ್ಥಳನಾಮಗಳನ್ನೂ ಹಟ್ಟಿಗಳ ಪಶುಪಾಲಕರನ್ನೂ ಆಧರಿಸಿ ಅವರು ಮಹಾರಾಷ್ಟ್ರದಲ್ಲಿ ಕನ್ನಡದ ಹೆಜ್ಜೆಗಳನ್ನು ಹುಡುಕಿದರು. ಅವರ ಕೆಲವು ವ್ಯುತ್ಪತ್ತಿಗಳನ್ನು ಎಲ್ಲರೂ ಒಪ್ಪಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಇಂದಿಗೂ ನಿಂತಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳುತ್ತದೆ. ಅದಕ್ಕೂ ಮೊದಲು, ಕ್ರಿ.ಶ. 768ರಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನು ಪುಣೆ ಸೀಮೆಯ ಗ್ರಾಮವೊಂದನ್ನು ದಾನವಿತ್ತ ತಾಮ್ರಶಾಸನ ತಳೇಗಾವಿನಲ್ಲಿ ದೊರೆತಿದೆ. ಸಂಸ್ಕೃತದ ಆ ಶಾಸನ ಹೊರಟದ್ದು ಇಂದಿನ ನೆಲಮಂಗಲದ ಬಳಿಯ ಮಣ್ಣೆಯ ದಂಡಿನ ಬೀಡಿನಿಂದ!

ಸಾಸವಡದ ಸುತ್ತ

ದಿವೇಘಾಟನ್ನು ಏರಿದರೆ ಕರ್ಹಾ ನದಿಯ ದಡದಲ್ಲಿ ಸಾಸವಡವಿದೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವುದು ಇಲ್ಲಿಯೇ; ಪಂಢರಪುರಕ್ಕೆ ಸಾಗುವ ಜ್ಞಾನೇಶ್ವರರ ಪಾಲಖಿ ತಂಗುವುದೂ ಇಲ್ಲಿಯೇ. ಆ ಪಾಲಖಿ ಅರಸಿ ಹೊರಡುವ ವಿಠ್ಠಲನನ್ನು ಜ್ಞಾನೇಶ್ವರರ ಹೆಸರಿನ ಅಭಂಗವೇ ಕನ್ನಡಿಗನೆಂದು ಕರೆದಿದೆ. ಪುಣೆಯ ವಿದ್ವಾಂಸ ರಾ.ಚಿಂ. ಢೇರೆ (1930–2016) ಅವರು ವಿಠ್ಠಲನ ಮೂಲವನ್ನು ಗೊಲ್ಲರ ದೈವಗಳಲ್ಲಿ ಗುರುತಿಸಿದರು.

ಸಾಸವಡದಿಂದ ಮುಂದಿನ ಜೇಜುರಿಯಲ್ಲಿ ಭಂಡಾರ ತೂರುತ್ತಾ ಭಕ್ತರು ‘ಯೇಳಕೋಟ’ ಎಂದು ಕೂಗುತ್ತಾರೆ. ನಮ್ಮ ಮೈಲಾರಲಿಂಗನ ‘ಏಳುಕೋಟಿ’ಯೇ ಅದು. ಅಲ್ಲಿ ವಾಘ್ಯಾ, ಇಲ್ಲಿ ಗೊರವ. ಧನಗರರ ನಡುವೆ ವರ್ಷಗಟ್ಟಲೆ ಅಧ್ಯಯನ ನಡೆಸಿದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಅವರು ಈ ಕುರುಬ–ಧನಗರ ಸಂಬಂಧವನ್ನು ವಿವರವಾಗಿ ತೋರಿಸಿದ್ದಾರೆ.

ಅಧ್ಯಯನದ ಎಚ್ಚರ

ಇದನ್ನು ನೆಲದ ಮೇಲಿನ ಹಕ್ಕೊತ್ತಾಯವೆಂದು ಭಾವಿಸಲಾಗದು. ಕಿಲ್ಮಾರ್ನಾಕಿನ ಜನ ಊರಿನ ಹೆಸರಿನ ಅರ್ಥ ತಿಳಿದು ತಮ್ಮ ನುಡಿಯನ್ನೇನೂ ಬದಲಿಸಲಿಲ್ಲ. ಎರಡು ನುಡಿಗಳು ಒಂದೇ ದೈವದ ಮುಂದೆ ಬಹುಕಾಲ ಬಾಳಿದವೆಂಬುದೇ ಇಲ್ಲಿಯ ತಿಳಿವು. ಮನೆಯಲ್ಲಿ ಕನ್ನಡಕ್ಕೆ ಮಕ್ಕಳು ಮರಾಠಿಯಲ್ಲಿ ಉತ್ತರಿಸುವ ನಮ್ಮಂತಹ ಕುಟುಂಬಗಳಿಗೆ ಅದು ಹತ್ತಿರದ ಸಂಗತಿ. ಮುಂದಿನ ಸಲ ಜೇಜುರಿಗೆ ಹೋದಾಗ ಆ ಕೂಗಿನ ಅರ್ಥವನ್ನು ಅವರಿಗೆ ಹೇಳೋಣ.